ಶಬ್ದವಿಲ್ಲದ ಆಟಕ್ಕೆ ನಾನು ಬರೆದ ನಾಲ್ಕು ಸಾಲು

ಸೇಡಂ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ಮದುವೆ, ಗೃಹಪ್ರವೇಶ, ಶ್ರದ್ಧಾಂಜಲಿ, ಯಾವುದೇ ಇರಲಿ, ಜನರ ಮುಖ ದೊಡ್ಡದು ಮಾಡಿ ಕೊಡುವುದು ನನ್ನ ಕಸುಬು. ನಮ್ಮ ಕಡೆಯ ಫ್ಲೆಕ್ಸಿಗೆ ಒಂದು ಶಾಸ್ತ್ರವಿದೆ. ನಡುವೆ ಒಬ್ಬರ ದೊಡ್ಡ ಮುಖ, ಸುತ್ತಲೂ ಉಂಗುರ ಉಂಗುರದೊಳಗೆ ಶುಭ ಕೋರುವವರ ಸಣ್ಣ ಮುಖ. ಒಂದು ಮುಖ ಬಿಟ್ಟರೆ ಜಗಳ. ಒಮ್ಮೆ ಯಾರದೋ ಸೋದರಮಾವನ ಫೋಟೊ ಬಿಟ್ಟುಹೋಗಿತ್ತು. ಆ ಮನುಷ್ಯ ನೇರ ಅಂಗಡಿಗೇ ಬಂದು, "ಯಾಕ್ರೀ, ನಾ ಏನ್ ಸತ್ತೀನೇನು?" ಎಂದು ಕೇಳಿದ. "ಸತ್ತಿದ್ರ ನಡುವೇ ಹಾಕ್ತಿದ್ನಲ್ರಿ" ಎಂದು ನಾನೂ ಅಂದುಬಿಟ್ಟೆ. ನನ್ನ ಬಾಯಿ ಹಾಗೆ. ಮೂಗಿನ ತುದಿಯಲ್ಲಿ ಸಿಟ್ಟು, ನಾಲಿಗೆಯ ತುದಿಯಲ್ಲಿ ಮಾತು. ಈ ಬಾಯಿಯ ದೆಸೆಯಿಂದ ನನ್ನ ತಮ್ಮ ಮೂರು ವರ್ಷ ಕೂತು ಮಾಡಿದ ಕೆಲಸ ಮಣ್ಣಾಗುವುದರಲ್ಲಿತ್ತು, ಅವನೂ ನನ್ನ ಕೈಬಿಟ್ಟು ಹೋಗುವುದರಲ್ಲಿದ್ದ. ಅದನ್ನು ಬರೆಯಲು ಕೂತಿದ್ದೇನೆ.

ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಹುಟ್ಟಿದಾಗಿನಿಂದ ಅವನಿಗೆ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಶಹಾಬಾದಿನಲ್ಲಿ ಇರುತ್ತಾನೆ, ಗೌಂಡಿ ಕೆಲಸ ಮಾಡುತ್ತಾನೆ. ಅದರಲ್ಲೂ ಪರ್ಸಿ ಹಾಸುವುದರಲ್ಲಿ ಅವನ ಕೈ ಭಾರಿ. ಪರ್ಸಿ ಎಂದರೆ ನಮ್ಮ ಕಡೆ ಎಲ್ಲರ ಮನೆಯ ನೆಲಕ್ಕೂ ಹಾಸುವ ಚಪ್ಪಟೆ ಶಹಾಬಾದ್ ಕಲ್ಲು. ಕಲ್ಲು ಕೂರಿಸಿದ ಮೇಲೆ ಅದರ ಕೆಳಗೆ ಟೊಳ್ಳು ಉಳಿದಿದೆಯೋ ಇಲ್ಲವೋ ನೋಡಬೇಕು. ಉಳಿದ ಗೌಂಡಿಗಳು ಸುತ್ತಿಗೆಯ ಹಿಡಿಕೆಯಿಂದ ಬಡಿದು ಸಪ್ಪಳ ಕೇಳಿ ಹೇಳುತ್ತಾರೆ. ಇವನು ಒಂದು ಕೈಯಿಂದ ಬಡಿದು ಇನ್ನೊಂದು ಅಂಗೈಯನ್ನು ಕಲ್ಲಿನ ಮೇಲಿಟ್ಟು ಹೇಳುತ್ತಾನೆ. ಇವನ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಮಳೆಗಾಲದಲ್ಲಿ ಅವನಿಗೆ ಕೆಲಸ ಕಡಿಮೆ. ಮೂರು ಮಳೆಗಾಲ ಒಂದು ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು, ಕೆಳಗೆ ಅಕ್ಷರ ಮೂಡುವ ವಿಡಿಯೊ ನೋಡಿ ಕಲಿತು, ಅವನೊಂದು ಮೊಬೈಲ್ ಆಟ ಮಾಡಿದ. ಆಟದಲ್ಲಿ ನಿಮ್ಮ ಮುಂದೊಂದು ಖಾಲಿ ಅಂಗಳ. ಪಕ್ಕದಲ್ಲಿ ಸೊಟ್ಟ, ಮೂಲೆ ಮುರಿದ ಪರ್ಸಿಗಳ ಗುಡ್ಡೆ. ಒಂದೊಂದೇ ಕಲ್ಲು ಎಳೆದು ಹಾಸಬೇಕು. ಕೆಳಗೆ ಟೊಳ್ಳು ಉಳಿದರೆ ಫೋನು ನಿಮ್ಮ ಕೈಯಲ್ಲೇ ನಡುಗುತ್ತದೆ. ಎಲ್ಲ ಮುಗಿದ ಮೇಲೆ ಬಾಗಿಲಿನಿಂದ ಒಬ್ಬ ಹೆಂಗಸು ಹೊರಬಂದು ಒಂದು ಕೊಡ ನೀರು ಸುರಿಯುತ್ತಾಳೆ. ನೀರು ಎಲ್ಲೂ ನಿಲ್ಲದೆ ಹರಿದು ಮೋರಿ ಸೇರಿದರೆ ನೀವು ಗೆದ್ದಿರಿ. ನಿಂತಿತೋ, ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಮ್ಮನ್ನೇ ದುರುಗುಟ್ಟಿ ನೋಡುತ್ತಾಳೆ. ಆ ಹೆಂಗಸು ನಾನೇ ಎಂದು ನನಗೆ ಬಲವಾದ ಅನುಮಾನ. ಕೇಳಿದರೆ ನಗುತ್ತಾನೆ, ಹೌದು ಅನ್ನುವುದಿಲ್ಲ.

ಒಂದು ಭಾನುವಾರ ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂಗೆ ಬಂದು, ಅಂಗಡಿಯಲ್ಲಿ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಫೋನು ನನ್ನ ಮುಂದಿಟ್ಟ. ನಮ್ಮಿಬ್ಬರ ನಡುವೆ ಮನೆಯಲ್ಲೇ ಹುಟ್ಟಿದ ಸನ್ನೆಗಳಿವೆ. ರೊಟ್ಟಿ, ನೀರು, ಅವ್ವ, ಬಸ್ಸು, ಸಿಟ್ಟು, ಉಂಡಿಯೇನು, ಇಂಥವು. ಕಲಬುರಗಿಯ ಕಿವುಡರ ಶಾಲೆಯಲ್ಲಿ ಅವನು ಕಲಿತ ಸನ್ನೆಗಳೇ ಬೇರೆ, ಅವು ನನಗೆ ಬರುವುದಿಲ್ಲ. ಕಲಿಯಬಹುದಿತ್ತು, ಕಲಿಯಲಿಲ್ಲ. ಹೆಚ್ಚಿನದೇನಾದರೂ ಇದ್ದರೆ ಇಬ್ಬರೂ ಪಕ್ಕಪಕ್ಕ ಕೂತೇ ವಾಟ್ಸಾಪಿನಲ್ಲಿ ಬರೆದುಕೊಳ್ಳುತ್ತೇವೆ. ಅವತ್ತು ಅವನು ಬರೆದ: "ಅಕ್ಕ, ಆಟ ಅಂಗಡ್ಯಾಗ ಹಾಕ್ಬೇಕು. ಚಿತ್ರ ಬೇಕು. ನಾಕ್ ಸಾಲು ಬೇಕು. ನೀ ಮಾಡ್ತೀಯೇನು?"

ಅಂಗಡಿ ಎಂದರೆ ಫೋನಿನೊಳಗೆ ಆಟಗಳು ಸಿಗುವ ಅಂಗಡಿ. ಅಲ್ಲಿ ಆಟಕ್ಕೊಂದು ಪುಟ, ಪುಟಕ್ಕೊಂದು ಚಿತ್ರ, ಅದರ ಕೆಳಗೆ ನಾಲ್ಕು ಸಾಲು. ಜನ ಬೆರಳಿನಿಂದ ಸರಸರ ತಳ್ಳುತ್ತಾ ಹೋಗುತ್ತಿರುತ್ತಾರೆ. ಚಿತ್ರ ಅವರ ಬೆರಳು ಹಿಡಿದು ನಿಲ್ಲಿಸಬೇಕು, ಸಾಲುಗಳು ಅವರನ್ನು ಒಳಗೆ ಕರೆಯಬೇಕು. ತಮ್ಮ ನನ್ನನ್ನು ಏನೂ ಕೇಳಿದವನಲ್ಲ. ಹಬ್ಬಕ್ಕೆ ಅಂಗಿ ಕೊಡಿಸುತ್ತೇನೆಂದರೂ ಇರುವ ಅಂಗಿ ಎಳೆದು ತೋರಿಸಿ, ಇದು ಗಟ್ಟಿ ಇದೆ ಅನ್ನುವವನು. ಅಂಥವನು ಕೇಳಿದನಲ್ಲ ಎಂದು ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಇದ್ದಬದ್ದ ಕೆಲಸ ಬದಿಗಿಟ್ಟು ಕೂತೆ.

ಕೂತು ಏನು ಮಾಡಿದೆ? ಫ್ಲೆಕ್ಸ್ ಮಾಡಿದೆ! ನಡುವೆ ಆಟದ ಹೆಸರು, ಹಳದಿ ಅಕ್ಷರಕ್ಕೆ ಕೆಂಪು ನೆರಳು. ಹಿಂದೆ ಸೂರ್ಯನ ಕಿರಣ. ಎಡಕ್ಕೆ ಕೊಡ, ಬಲಕ್ಕೆ ಕಲ್ಲಿನ ಗುಡ್ಡೆ, ಮೇಲೆ ಮನೆ, ಕೆಳಗೊಂದು ಎಮ್ಮೆ. ಆಟದಲ್ಲಿ ಎಮ್ಮೆ ಇಲ್ಲ, ಆದರೆ ಜಾಗ ಖಾಲಿ ಕಾಣುತ್ತಿತ್ತು. ಮೂಲೆಯ ಉಂಗುರದಲ್ಲಿ ಕೈಮುಗಿದ ನನ್ನ ತಮ್ಮನ ಫೋಟೊ. ಆ ಕೈ ಅವನದಲ್ಲ, ಬೇರೊಬ್ಬರ ಫ್ಲೆಕ್ಸಿನಿಂದ ತೆಗೆದು ಅಂಟಿಸಿದ್ದೆ.

ತಮ್ಮ ನೋಡಿದ. ಚಿತ್ರವನ್ನು ತನ್ನ ಫೋನಿಗೆ ಹಾಕಿಕೊಂಡು, ಅಂಗಡಿಯಲ್ಲಿ ಕಾಣುವಷ್ಟೇ ಅಳತೆಗೆ ಇಳಿಸಿದ. ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಫೋನನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಒರಗಿಸಿ ನಿಲ್ಲಿಸಿ, ನನ್ನ ರಟ್ಟೆ ಹಿಡಿದು ನಾಲ್ಕು ಹೆಜ್ಜೆ ಹಿಂದಕ್ಕೆ ಕರೆದುಕೊಂಡು ಹೋಗಿ, ಏನು ಕಾಣುತ್ತದೆ ಎಂದು ಕೈ ತಿರುಗಿಸಿದ. ಏನು ಕಾಣಬೇಕು, ಕರ್ಮ! ಯಾರೋ ಎಲೆಯಡಿಕೆ ಉಗುಳಿದಂತಿತ್ತು. "ಫೋನೇ ಸಣ್ಣದದ" ಎಂದು ಬರೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಸ್‌ಸ್ಟ್ಯಾಂಡಿನೊಳಗೆ ತಿರುಗುವ ಬಸ್ಸಿನ ಕಿಟಕಿಯಿಂದ ಓದಲು ಬರದಿದ್ದರೆ ಅದು ಫ್ಲೆಕ್ಸೇ ಅಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ಪಾಠ ಹೇಳುವವಳು ನಾನು. ಅವನು ಎಮ್ಮೆಯ ಮೇಲೆ ಬೆರಳಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಚಿತ್ರದ ಮಟ್ಟಿಗೆ ಅಷ್ಟಕ್ಕೇ ಮುಗಿಯಿತು, ಮುಂದಿನ ವಾರ ಬೇರೆ ಮಾಡೋಣ ಎಂದು ಅವನು ಗಾಡಿ ಹಿಡಿದ.

ಮುಂದಿನ ವಾರದ ತನಕ ನನಗೆಲ್ಲಿಯ ತಾಳ್ಮೆ. ಪುಟದ ಪಾಸ್‌ವರ್ಡ್ ನನ್ನ ಬಳಿ ಕೊಟ್ಟು ಹೋಗಿದ್ದ. ಚಿತ್ರ ಹೇಗೂ ಆಗಲಿಲ್ಲ, ಸಾಲುಗಳನ್ನಾದರೂ ಬರೆದುಬಿಡೋಣ ಎಂದು ಕೂತೆ. ಆಟದ ಒಂದು ಅಂಗಳವನ್ನೇ ಸದ್ಯಕ್ಕೆ ಚಿತ್ರವಾಗಿ ಹಾಕಿ, ಕೆಳಗೆ ಇಷ್ಟು ಬರೆದೆ:

"ಎಲ್ಲ ಆಟಗಾರ ಬಂಧುಗಳಿಗೆ ಶರಣು ಶರಣಾರ್ಥಿಗಳು. ಇದೊಂದು ಸಣ್ಣ ಆಟ, ದೊಡ್ಡದೇನೂ ಅಲ್ಲ. ಇದನ್ನು ಮಾಡಿದ ನನ್ನ ತಮ್ಮನಿಗೆ ಪಾಪ ಕಿವಿ ಕೇಳುವುದಿಲ್ಲವಾದ್ದರಿಂದ ಆಟದಲ್ಲಿ ಶಬ್ದ ಇರುವುದಿಲ್ಲ, ದಯವಿಟ್ಟು ಕ್ಷಮಿಸಿ. ಹೆಚ್ಚುಕಡಿಮೆ ಇದ್ದರೆ ಹೊಟ್ಟೆಗೆ ಹಾಕಿಕೊಂಡು ಪ್ರೋತ್ಸಾಹಿಸಬೇಕಾಗಿ ವಿನಂತಿ."

ಬರೆದು ನಾನೇ ಓದಿಕೊಂಡು ಕಣ್ಣೊರೆಸಿಕೊಂಡೆ, ಅಷ್ಟು ಚೆನ್ನಾಗಿದೆ ಅನ್ನಿಸಿತು. ನಗಬೇಡಿ. ನಮ್ಮ ಕಡೆ ಹೀಗೆಯೇ. ಹೋಳಿಗೆ, ಹಪ್ಪಳ, ಎರಡು ಥರದ ಪಲ್ಯ, ತುಪ್ಪ ಎಲ್ಲ ಬಡಿಸಿಟ್ಟು, "ಏನೂ ಮಾಡಿಲ್ರಿ, ಹಂಗೇ ಬಿಸಿ ರೊಟ್ಟಿ ಬಡದೀನಿ, ಹೊಟ್ಟಿ ತುಂಬ ಉಣ್ರಿ" ಅನ್ನುತ್ತೇವೆ. ಆಡಕಿ ಊರಿನ ನಮ್ಮ ಸೋದರತ್ತೆ ಐವತ್ತು ಜನಕ್ಕೆ ಉಣ್ಣಲಿಕ್ಕಿ, ಕೈ ತೊಳೆಯಲು ನೀರು ಹಾಕುವಾಗಲೂ ತಪ್ಪಾಯಿತು ಅನ್ನುತ್ತಿದ್ದಳು. ಕೊಟ್ಟದ್ದನ್ನು ಸಣ್ಣದು ಮಾಡಿ ಹೇಳದಿದ್ದರೆ ನಮಗೆ ಕೊಟ್ಟಂತೆಯೇ ಅನ್ನಿಸುವುದಿಲ್ಲ. ಊಟಕ್ಕೆ ಕೂತವನ ಕಣ್ಣಿಗೆ ಎಲೆಯ ಮೇಲಿನ ಹೋಳಿಗೆ ಕಾಣುತ್ತಿರುತ್ತದೆ, ನಮ್ಮ ಮಾತು ಸುಳ್ಳೆಂದು ಅವನಿಗೆ ಗೊತ್ತು. ಫೋನು ತಳ್ಳುತ್ತಾ ಹೋಗುವವನಿಗೆ ಏನು ಗೊತ್ತು? ಸಣ್ಣದು ಅಂದರೆ ಸಣ್ಣದೆಂದೇ ತಿಳಿಯುತ್ತಾನೆ. ಇದು ನನಗೆ ಆಮೇಲೆ ಹೊಳೆಯಿತು. ಅವತ್ತು ತಮ್ಮನಿಗೆ ತೋರಿಸದೆ, ಎಲ್ಲರಿಗೂ ಕಾಣುವ ಹಾಗೆ ಪುಟ ಬಿಟ್ಟೆ.

ಎರಡನೇ ದಿನ ಅವನಿಂದ ಒಂದು ಫೋಟೊ ಬಂತು. ಅವನ ಶಾಲೆಯ ಗೆಳೆಯರ ಗುಂಪಿನಲ್ಲಿ ಯಾರೋ ನನ್ನ ನಾಲ್ಕು ಸಾಲುಗಳ ಚಿತ್ರ ತೆಗೆದು ಹಾಕಿ, ಕೆಳಗೆ ಬರೆದಿದ್ದರು: "ಇದು ಆಟಾನೋ, ಭಿಕ್ಷಾನೋ?" ಅವನ ಗೆಳೆಯರೆಲ್ಲ ಕಿವುಡರೇ. ಕೈಯೊಂದಿಗೆ ಮಾತಾಡುವ ಒಂದು ಆಟವನ್ನು ನಮ್ಮವನೊಬ್ಬ ಮಾಡುತ್ತಿದ್ದಾನೆ ಎಂದು ವರ್ಷಗಟ್ಟಲೆ ಕಾಯುತ್ತಿದ್ದವರು. ಅವರಿಗೆ ನಾನು, ಶಬ್ದವಿಲ್ಲ, ಕ್ಷಮಿಸಿ ಎಂದು ಬರೆದಿದ್ದೆ.

ಫೋಟೊದ ಬೆನ್ನಿಗೆ ಅವನ ಮಾತು ಬಂತು. "ವಾಡಿ ಸ್ಟೇಷನ್‌ದಾಗ ಮಾಡಿದಂಗೇ ಮಾಡ್ದಿ ಅಕ್ಕ. ಆಟ ಬ್ಯಾಡ. ಎಲ್ಲಾ ತೆಗದು ಒಗೀತೀನಿ." ಅಷ್ಟೇ. ಒಂದು ತಾಸಿನೊಳಗೆ ಪುಟ ಕಾಣದಾಯಿತು.

ವಾಡಿ ಎಂದರೆ ನನಗೆ ತಕ್ಷಣ ನೆನಪಾಗಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. ಆಮೇಲೆ ನೆನಪಾಯಿತು. ನಾನು ಹೈಸ್ಕೂಲಿನಲ್ಲಿದ್ದೆ, ಅವನಿಗೆ ಒಂಬತ್ತೋ ಹತ್ತೋ. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಹಿಂದಿನಿಂದ ಒಬ್ಬ ಮೂಟೆಯ ಗಾಡಿ ತಳ್ಳಿಕೊಂಡು ಸರಿ ಸರಿ ಎಂದು ಕೂಗುತ್ತಾ ಬಂದ. ತಮ್ಮ ಸರಿಯಲಿಲ್ಲ. ಗಾಡಿ ನಿಂತಿತು, ಆ ಮನುಷ್ಯ ಕೈಯೆತ್ತಿದ. ನಾನು ನಡುವೆ ನುಗ್ಗಿ ಪ್ಲಾಟ್‌ಫಾರ್ಮಿಗೆಲ್ಲ ಕೇಳುವ ಹಾಗೆ, "ಮಾಫ್ ಮಾಡ್ರಿ ಅಣ್ಣಾ, ಅವಂಗ ಕೇಳ್ಸಂಗಿಲ್ಲ, ಮಾಫ್ ಮಾಡ್ರಿ!" ಎಂದು ಕೈಮುಗಿದೆ. ಕೈ ಇಳಿಯಿತು. ನಾನು ತಮ್ಮನನ್ನು ಉಳಿಸಿದೆ ಎಂದೇ ತಿಳಿದುಕೊಂಡಿದ್ದೆ. ಅವನಿಗೆ ನೆನಪಿದ್ದದ್ದು ಬೇರೆ: ಅವತ್ತು ಪ್ಲಾಟ್‌ಫಾರ್ಮಿನ ಅಷ್ಟೂ ಮುಖ ತಿರುಗಿ ಅವನನ್ನು ನೋಡಿದ್ದು. ಆಮೇಲೂ ಎಷ್ಟು ಕಡೆ ಹೇಳಿದ್ದೇನೆ ಆ ಮಾತನ್ನು! ಬಸ್ಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಚಿತ್ತಾಪುರದ ಮದುವೆಯಲ್ಲಿ, ಆಸ್ಪತ್ರೆಯ ಚೀಟಿ ಬರೆಸುವಲ್ಲಿ. ಅವನು ಬಾಯಿ ತೆರೆಯುವ ಮೊದಲೇ, ಅಲ್ಲ, ಕೈ ಎತ್ತುವ ಮೊದಲೇ ನನ್ನ ಮಾಫ್ ಮಾಡ್ರಿ ಮುಂದೆ ಹೋಗಿ ನಿಂತಿರುತ್ತಿತ್ತು.

ಮೂರು ದಿನ ಮೆಸೇಜ್ ಹಾಕಿದೆ. ನೋಡಿದ ಗುರುತು ನೀಲಿಯಾಗಿ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಚಿಂಚೋಳಿ ಕಡೆಯ ಕೊಡ್ಲಿಯಲ್ಲಿ ಒಂದು ಮನೆಯ ಅಂಗಳಕ್ಕೆ ಪರ್ಸಿ ಹಾಸಲು ಹೋಗಿದ್ದಾನೆಂದು ಅವ್ವ ಹೇಳಿದಳು. ಮೂರು ಮಳೆಗಾಲ ಅವನು ಬೆನ್ನು ಬಾಗಿಸಿ ಕೂತದ್ದು ಕಣ್ಣ ಮುಂದೆ ಬರತೊಡಗಿತು. ಅಂಗಡಿಗೆ ಬೀಗ ಹಾಕಿ, ಮದುವೆ ಫ್ಲೆಕ್ಸಿಗೆ ಕಾಯುತ್ತಿದ್ದ ಗಿರಾಕಿಯಿಂದ ಬೈಸಿಕೊಂಡು, ಚಿಂಚೋಳಿಯ ಬಸ್ಸು ಹತ್ತಿದೆ. ಕೊಡ್ಲಿ ಮುಟ್ಟುವಾಗ ಮಧ್ಯಾಹ್ನ.

ಅಂಗಳ ಮುಕ್ಕಾಲು ಆಗಿತ್ತು. ತಮ್ಮ ಕುಕ್ಕರುಗಾಲಿನಲ್ಲಿ ಕೂತು, ಮಟ್ಟ ನೋಡಲು ಕಟ್ಟಿದ ದಾರಕ್ಕೆ ಕಣ್ಣು ಹೊಂದಿಸಿ ಕಲ್ಲು ಸರಿಸುತ್ತಿದ್ದ. ನನ್ನ ನೆರಳು ಬಿದ್ದಾಗ ತಲೆಯೆತ್ತಿ ನೋಡಿ, ಮತ್ತೆ ಕಲ್ಲಿಗೆ ತಿರುಗಿದ. ಅವನ ಎದುರಿಗೆ ಹೋಗಿ ಕೂತೆ. ತಪ್ಪಾಯಿತು ಎಂದು ಹೇಳಬೇಕು. ಕೈ ಎತ್ತಿದೆ.

ಕೈ ಹಾಗೇ ನಿಂತಿತು. ನಮ್ಮ ಮನೆಯ ಸನ್ನೆಗಳಲ್ಲಿ ಆ ಮಾತಿಲ್ಲ! ರೊಟ್ಟಿಗಿದೆ, ಬಸ್ಸಿಗಿದೆ, ಬೆಕ್ಕಿಗೂ ಇದೆ. ಜಗತ್ತಿಗೆಲ್ಲ ಅವನ ಪರವಾಗಿ ತಪ್ಪಾಯಿತು ಎಂದು ಹೇಳುತ್ತಾ ಬಂದವಳು, ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ಹೇಳಿದ್ದರೆ ಸನ್ನೆ ಹುಟ್ಟಿರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಬಾಯಿಂದಲೇ, ಜೋರಾಗಿ, ಕೇಳಿಸದವನ ಮುಂದೆ ಕೂತು, "ತಪ್ಪಾಯ್ತೋ ತಮ್ಮಾ, ನಂದು ಭಾಳ ತಪ್ಪಾಯ್ತು" ಎಂದು ಅಳತೊಡಗಿದೆ.

ಮನೆಯೊಡತಿ, ನಮ್ಮ ಅವ್ವನ ವಯಸ್ಸಿನವಳು, ಗಾಬರಿಯಾಗಿ ಹೊರಗೆ ಬಂದಳು. "ಯಾಕ ಯವ್ವಾ, ಯಾರ್ ಏನಂದ್ರು? ಯಾಕ ಅಳ್ಳಿಕತ್ತಿ?" "ಇವ ನನ್ನ ತಮ್ಮರಿ" ಎಂದೆ. "ಹೌದಾ? ಭಾಳ ಚಲೋ ಕೆಲಸ ಮಾಡ್ತಾನ ನೋಡವ್ವ ನಿನ್ನ ತಮ್ಮ. ಅದ್ಕ ಯಾಕ ಅಳ್ತಿ? ಕುಂದ್ರು, ನೀರ್ ತರ್ತೀನಿ" ಎಂದು ಒಳಗೆ ಹೋದಳು. ಪುಣ್ಯಾತ್ಗಿತ್ತಿ, ಇಷ್ಟು ದಿನದಿಂದ ಅವನ ಕೈಯಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದಾಳೆ, ಅವಳಿಗೆ ನನ್ನ ಕ್ಷಮಾಪಣೆ ಬೇಕೇ ಆಗಿರಲಿಲ್ಲ.

ತಮ್ಮ ನನ್ನ ಮುಖ ನೋಡುತ್ತಿದ್ದ. ಕೈಗೆ ಮೆತ್ತಿದ್ದ ಸಿಮೆಂಟು ಬಟ್ಟೆಯಿಂದ ಒರೆಸಿಕೊಂಡ. ಆಮೇಲೆ ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು ಹುಬ್ಬು ಏರಿಸಿದ. ಉಂಡಿಯೇನು? ಇಲ್ಲವೆಂದು ತಲೆಯಾಡಿಸಿದೆ. ಬೇವಿನ ಗಿಡದ ನೆರಳಿಗೆ ಕರೆದುಕೊಂಡು ಹೋಗಿ ತನ್ನ ಬುತ್ತಿ ಬಿಚ್ಚಿದ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅರ್ಧ ನನ್ನ ಕಡೆ ಸರಿಸಿದ. ನನ್ನ ಕಣ್ಣೀರು ಮೂಗಿಗೆ ಬಂದು, ಮೂಗಿನದು ರೊಟ್ಟಿಗೆ ಬಂದು, ಅವನು ಅಸಹ್ಯ ಪಟ್ಟುಕೊಂಡು ಮುಖ ತಿರುಗಿಸಿದ್ದು ನೋಡಿ ನನಗೆ ಜೀವ ಬಂತು.

ಉಂಡ ಮೇಲೆ ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಹೋದ. ನನ್ನ ಬಲಗೈ ಹಿಡಿದು ಒಂದು ಕಲ್ಲಿನ ಮೇಲೆ ಅಂಗೈ ಬಿಚ್ಚಿ ಇಟ್ಟು, ಪಕ್ಕದಲ್ಲಿ ಸುತ್ತಿಗೆಯ ಹಿಡಿಕೆಯಿಂದ ಬಡಿದ. ಕಲ್ಲು ಸುಮ್ಮನಿತ್ತು. ಇನ್ನೊಂದರ ಮೇಲೆ ಇಡಿಸಿ ಬಡಿದ. ನಾನು ಕಿವಿಯಿಂದಲೇ ಕೇಳಲು ನೋಡಿದೆ. ಅವನು ತಲೆಯಲ್ಲಾಡಿಸಿ, ಸುತ್ತಿಗೆ ನನ್ನ ಕೈಗೆ ಕೊಟ್ಟು, ನನ್ನ ಎರಡೂ ಕಿವಿ ತನ್ನ ಅಂಗೈಗಳಿಂದ ಮುಚ್ಚಿ, ನೀನೇ ಬಡಿ ಎಂದು ಗದ್ದ ಆಡಿಸಿದ. ಬಡಿದೆ. ಕಲ್ಲಿನ ಕೆಳಗಿನಿಂದ ಏನೋ ಸಣ್ಣಗೆ ನಡುಗಿ ನನ್ನ ಅಂಗೈಗೆ ಬಂತು. ಮತ್ತೆ ಬಡಿದೆ, ಮತ್ತೆ ಬಂತು. ಹುಟ್ಟಿದಾಗಿನಿಂದ ಪರ್ಸಿಯ ಮೇಲೆಯೇ ನಡೆದವಳು, ಇವನ ಜೊತೆಗೇ ಬೆಳೆದವಳು, ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಕೈಯಿಟ್ಟು ನೋಡಿರಲಿಲ್ಲ. ಅವನ ಬಳಿ ಏನೋ ಇಲ್ಲ ಎಂದು ಮರುಗುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿತ್ತು. ಆ ಕಲ್ಲನ್ನು ಅವನು ಎಬ್ಬಿಸಿ, ಗಾರೆ ತುಂಬಿ, ಮತ್ತೆ ಕೂರಿಸಿದ. ಕೈಯಿಟ್ಟು ನೋಡಿದೆ. ಗಟ್ಟಿ.

"ಆಟ ತೆಗೀಬ್ಯಾಡ" ಎಂದು ಫೋನಿನಲ್ಲಿ ಬರೆದು ತೋರಿಸಿದೆ. "ನೀನೇ ಬರಿ. ನಾ ಒಂದಕ್ಷರ ಮುಟ್ಟಂಗಿಲ್ಲ." ಅವನು ಫೋನು ಇಸಿದುಕೊಂಡು, ಬಹಳ ಹೊತ್ತು ಯೋಚಿಸಿದ. ಆಮೇಲೆ ನಾಲ್ಕೇ ಸಾಲು ಬರೆದ.

"ಕಲ್ಲು ಹಾಸ್ರಿ.
ಟೊಳ್ಳಿದ್ರ ಕೈಗಿ ಗೊತ್ತಾಗ್ತದ.
ನೀರು ಬಿಡ್ರಿ.
ಹರೀತೇನು ನೋಡ್ರಿ."

ಓದಿ ನನಗೆ ನಾಚಿಕೆಯಾಯಿತು, ಹೊಟ್ಟೆಕಿಚ್ಚೂ ಆಯಿತು. ಇಪ್ಪತ್ತು ವರ್ಷ ಅಕ್ಷರ ಮಾರಿದವಳು ನಾನು. ಆಟಕ್ಕೆ ಬಂದವನ ಕೈ ಏನು ಮಾಡುತ್ತದೆ ಎಂದು ಅವನು ಹೇಳಿದ್ದ. ನಾನು ನನ್ನ ಎದೆಯಲ್ಲಿ ಏನಾಗುತ್ತದೆ ಎಂದು ಹೇಳಿದ್ದೆ. ಪುಸ್ತಕದ ಕನ್ನಡಕ್ಕೆ ತಿರುಗಿಸಲಾ ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅಷ್ಟು ನುಂಗಿದ್ದು ನನ್ನ ಜನ್ಮದಲ್ಲೇ ದೊಡ್ಡ ಸಾಧನೆ.

ಚಿತ್ರವೂ ಅಲ್ಲೇ ಸಿಕ್ಕಿತು. ಒದ್ದೆ ಕಲ್ಲಿನ ಮೇಲೆ ಅವನ ಅಂಗೈಯನ್ನು ಮೇಲಿನಿಂದ ಫೋಟೊ ತೆಗೆದೆ. ಅಂಗಡಿಗೆ ಬಂದು ಅದನ್ನೇ ನೋಡಿಕೊಂಡು ಚಿತ್ರ ಬರೆದೆ. ಒಂದು ಕಲ್ಲು, ಒಂದು ಕೈ, ಬೆರಳಿನ ತನಕ ಬಂದ ಒಂದು ಗೆರೆ ನೀರು. ಇನ್ನೇನಾದರೂ ಸೇರಿಸಬೇಕೆಂದು ಕೈ ತುರಿಸಿದಾಗಲೆಲ್ಲ ಎದ್ದು ಹೋಗಿ ಚಹಾ ಕುಡಿದು ಬಂದೆ. ಬಹಳ ಚಹಾ ಆಯಿತು. ಹುಣಸೆ ಬೀಜದಷ್ಟಾದರೂ ಕೈ ಕೈಯಾಗಿಯೇ ಕಂಡಿತು.

ಪುಟ ಮತ್ತೆ ತೆರೆಯಿತು, ಆಟವೂ ಹೊರಗೆ ಬಂತು. ಮೊದಲು ಅವನ ಗೆಳೆಯರು, ಆಮೇಲೆ ಯಾರ್ಯಾರೋ. ಲಕ್ಷಗಟ್ಟಲೆ ಜನ ಬಂದರೆಂದು ಸುಳ್ಳು ಹೇಳಲಾರೆ. ಬಂದವರು ಆಡಿದರು, ನೀರು ನಿಂತರೆ ಆ ಹೆಂಗಸನ್ನು ಬೈದು ಬರೆದರು. ಒಂದು ಸಂಜೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಪುಟ ತೆರೆದರೆ, ಯಾರೋ ಕೆಳಗೆ ಕೇಳಿದ್ದರು: "ಸೌಂಡ್ ಬರಲಿಕತ್ತಿಲ್ಲ. ನನ್ನ ಫೋನ್ ಕೆಟ್ಟದೋ, ನಿಮ್ಮ ಆಟ ಕೆಟ್ಟದೋ?"

ನನ್ನ ಬೆರಳು ನನ್ನನ್ನು ಕೇಳಲಿಲ್ಲ. "ಮಾಫ್ ಮಾಡ್ರಿ, ಅವನಿಗೆ" ಎನ್ನುವ ತನಕ ಬರೆದುಬಿಟ್ಟಿತ್ತು. ಅಷ್ಟರಲ್ಲಿ ಆ ಪ್ರಶ್ನೆಯ ಕೆಳಗೆ ತಮ್ಮನ ಉತ್ತರ ಬಂತು.

"ಫೋನು ಸರಿ ಅದ. ಆಟಾನೂ ಸರಿ ಅದ. ನಾನೂ ಸರಿ ಅದೀನಿ."

ಎರಡು ಸಲ ಓದಿದೆ. ಆಮೇಲೆ ನಾನು ಬರೆದದ್ದನ್ನು ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿದೆ.